ಮಳೆನೀರು ಎಲ್ಲಿ ಸಿಕ್ಕಿಕೊಂಡಿದೆ? ಅಪಾರ್ಟ್‌ಮೆಂಟ್, ಬಡಾವಣೆಗಳಿಗೆ ಒಂದು ದೋಷ ನಿವಾರಣೆ ಕೈಪಿಡಿ

ಬಿಲ್ಡರ್ ಕೀ ಕೊಟ್ಟು ಹೋದ ಮೇಲೆ ಲಿಫ್ಟಿಗೆ ವರ್ಷದ ಸರ್ವೀಸ್ ಕಾಂಟ್ರಾಕ್ಟ್ ಆಗುತ್ತದೆ. ಜನರೇಟರಿಗೂ ಆಗುತ್ತದೆ. ಮಳೆನೀರಿನ ಚರಂಡಿ, ಅದರ ದಾರಿಯಲ್ಲಿ ಮುಚ್ಚಳ ಹಾಕಿ ಕಟ್ಟಿದ ಗುಂಡಿಗಳಾದ ಚೇಂಬರ್, ನೀರನ್ನು ನೆಲದೊಳಗೆ ಇಳಿಸುವ ಇಂಗು ಬಾವಿಗಳ ಕಡೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ಮೊದಲ ಕೆಲವು ಮಳೆಗಾಲ ಅವು ಯಾರ ಹಂಗೂ ಇಲ್ಲದೆ ಕೆಲಸ ಮಾಡುತ್ತವೆ. ಹೂಳು ಒಳಗೊಳಗೇ ತುಂಬುತ್ತಾ ಹೋಗುತ್ತದೆ. ಆಮೇಲೆ ಒಂದು ಸೆಪ್ಟೆಂಬರ್ ರಾತ್ರಿ ಬೇಸ್‌ಮೆಂಟಿನಲ್ಲಿ ಕಾರುಗಳ ಟೈರು ಮುಳುಗುತ್ತವೆ. ಮರುದಿನ ಸಂಘದ ಮೀಟಿಂಗ್. ‘ಇನ್ನೆರಡು ಇಂಗು ಬಾವಿ ತೋಡಿಸೋಣ’ ಅಂತ ತೀರ್ಮಾನ.

ಆ ತೀರ್ಮಾನಕ್ಕೆ ಸಹಿ ಹಾಕುವ ಮುಂಚೆ ಇದನ್ನು ಓದಿ. ಹಳೆಯ ಬಾವಿ ಯಾಕೆ ಕೆಟ್ಟಿತು ಅಂತ ಗೊತ್ತಾಗದೆ ಹೊಸದು ತೋಡಿಸಿದರೆ, ಅದೇ ಹೂಳು ಹೊಸ ಬಾವಿಗೂ ಹೋಗುತ್ತದೆ. ಅಷ್ಟೇ ವ್ಯತ್ಯಾಸ. ನನ್ನ ಪ್ರಕಾರ ಮಳೆನೀರಿನ ದೂರುಗಳಲ್ಲಿ ಬಹುಪಾಲು ಗುದ್ದಲಿ, ಬಾಂಡ್ಲಿ, ಒಂದು ಟಾರ್ಚಿನಲ್ಲಿ ಮುಗಿಯುವಂಥವು. ಉಳಿದವಕ್ಕೆ ಮಾತ್ರ ಇಂಜಿನಿಯರ್ ಬೇಕು. ಯಾವುದು ಯಾವುದು ಅಂತ ಬೇರೆ ಮಾಡುವುದೇ ಇಲ್ಲಿನ ಕೆಲಸ.

ಉದಾಹರಣೆಗಳೆಲ್ಲ ಬೆಂಗಳೂರಿನವು. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುವ ಊರು ಇದು. ಆದರೆ ಮಳೆ ಹದವಾಗಿ ಹಂಚಿಕೊಂಡು ಬರುವುದಿಲ್ಲ. ಮೇ ತಿಂಗಳ ಗುಡುಗು ಮಳೆ, ಸೆಪ್ಟೆಂಬರ್, ಅಕ್ಟೋಬರಿನ ಸಂಜೆ ಮಳೆ ಒಂದೆರಡು ಗಂಟೆಯಲ್ಲೇ ಎಲ್ಲ ಸುರಿದು ಹೋಗುತ್ತದೆ. ಮೈಸೂರು, ಹುಬ್ಬಳ್ಳಿಯಲ್ಲಿರುವವರಿಗೂ ಪರೀಕ್ಷೆಗಳು ಇವೇ.

ಶುರು ಮಾಡುವ ಮುಂಚೆ

ಬಿಲ್ಡರ್ ಕೊಟ್ಟ ದಾಖಲೆಗಳಲ್ಲಿ ಮಳೆನೀರು ಚರಂಡಿಯ ನಕ್ಷೆ ಇದೆಯಾ ನೋಡಿ. ಮಂಜೂರಾತಿಗೆ ಕೊಟ್ಟ ನಕ್ಷೆ ಬೇರೆ, ನಿಜವಾಗಿ ಕಟ್ಟಿದ್ದರ ನಕ್ಷೆ ಬೇರೆ. ಎರಡನೆಯದು ಬೇಕು. ಸಿಗದಿದ್ದರೆ ನೀವೇ ಬರೆದುಕೊಳ್ಳಿ: ಟೆರೇಸಿನ ಪೈಪುಗಳು ಎಲ್ಲಿ ಇಳಿಯುತ್ತವೆ, ಚೇಂಬರುಗಳು ಎಲ್ಲಿವೆ, ಯಾವ ಚೇಂಬರಿನಿಂದ ನೀರು ಯಾವುದಕ್ಕೆ ಹೋಗುತ್ತದೆ, ಕೊನೆಗೆ ಗೇಟಿನ ಹೊರಗೆ ಎಲ್ಲಿ ಸೇರುತ್ತದೆ. ಅರ್ಧ ದಿನದ ಕೆಲಸ. ಸೆಕ್ಯುರಿಟಿಯವರನ್ನು, ಹಳೆಯ ಪ್ಲಂಬರನ್ನು ಜೊತೆಗೆ ಕರೆದುಕೊಳ್ಳಿ. ಯಾವ ಚೇಂಬರಿನ ಮೇಲೆ ಹೂಕುಂಡ ಕೂತಿದೆ, ಯಾವುದು ನೆಲಕ್ಕೆ ಹಾಸಿದ ಪೇವರ್ ಕಲ್ಲುಗಳ ಕೆಳಗೆ ಮುಚ್ಚಿಹೋಗಿದೆ ಅಂತ ಅವರಿಗೇ ಗೊತ್ತಿರುತ್ತದೆ.

ಇಡೀ ವ್ಯವಸ್ಥೆಯನ್ನು ಮೂರು ಹೊತ್ತಿನಲ್ಲಿ ನೋಡಬೇಕು. ಒಂದು, ಬಿಸಿಲು ಬಿದ್ದು ವಾರಗಳಾದ ಮೇಲೆ. ಎರಡು, ಜೋರು ಮಳೆ ಬರುತ್ತಿರುವಾಗ ಕೊಡೆ ಹಿಡಿದುಕೊಂಡು. ಮೂರು, ಮಳೆ ನಿಂತ ಮರುದಿನ. ಒಂದೇ ಹೊತ್ತಿನಲ್ಲಿ ನೋಡಿದರೆ ಅರ್ಧ ದೋಷಗಳು ಕಾಣುವುದೇ ಇಲ್ಲ.

ಯಾರನ್ನೂ ಒಳಗೆ ಇಳಿಸಬೇಡಿ

ಇದನ್ನು ಕೊನೆಯಲ್ಲಿ ಹೇಳಿದರೆ ಯಾರೂ ಓದುವುದಿಲ್ಲ, ಅದಕ್ಕೇ ಈಗ ಹೇಳುತ್ತಿದ್ದೇನೆ. ಇಂಗು ಬಾವಿ, ಆಳದ ಚೇಂಬರ್, ಮುಚ್ಚಿದ ಸಂಪು, ಇವುಗಳೊಳಗೆ ಉಸಿರಾಡುವ ಗಾಳಿ ಇದೆ ಅಂತ ಅಂದುಕೊಳ್ಳಬೇಡಿ. ಕೊಳೆಯುವ ಎಲೆ, ಕೆಸರು ಆಮ್ಲಜನಕವನ್ನು ಎಳೆದುಕೊಂಡಿರುತ್ತವೆ. ಕೊಳಚೆ ನೀರು ಸೇರಿದ್ದರೆ ಹೈಡ್ರೋಜನ್ ಸಲ್ಫೈಡ್ ಇರಬಹುದು. ಅದು ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಜಾಸ್ತಿ ಆದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು ಅಂದರೆ ಅನಿಲ ಹೋಯಿತು ಅಂತ ಅಲ್ಲ. ದೀಪ ಇಳಿಸಿ ನೋಡುವ ಹಳೆಯ ಪದ್ಧತಿಯನ್ನೂ ನಂಬಬೇಡಿ. ಅದು ವಿಷಾನಿಲವನ್ನು ತೋರಿಸುವುದಿಲ್ಲ.

ಮನುಷ್ಯರನ್ನು ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸಿ ಅಪಾಯಕಾರಿ ರೀತಿಯಲ್ಲಿ ಶುಚಿ ಮಾಡಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಮಳೆನೀರಿನ ಚೇಂಬರಿಗೆ ಕೊಳಚೆ ಸೇರಿದ್ದರೆ ಅಲ್ಲೂ ಅಪಾಯ ಅದರಷ್ಟೇ ಇದೆ. ಯಾರಾದರೂ ಒಳಗೆ ಕುಸಿದು ಬಿದ್ದರೆ ಹಿಂದೆಯೇ ಇಳಿಯಬೇಡಿ. ಬಹಳ ಸಲ ಕಾಪಾಡಲು ಇಳಿದವರೂ ಸಾಯುತ್ತಾರೆ. 112ಕ್ಕೆ ಕರೆ ಮಾಡಿ.

ಮುಚ್ಚಳ ತೆಗೆದ ಚೇಂಬರನ್ನು ಕಾವಲಿಲ್ಲದೆ ಬಿಟ್ಟು ಊಟಕ್ಕೆ ಹೋಗಬಾರದು. ಮಕ್ಕಳು ಆಡುವ ಜಾಗ ಅದು. ಚಪ್ಪಡಿ ಎತ್ತುವಾಗ ಬರಿಗೈ ಹಾಕಬೇಡಿ, ಹಾರೆ ಬಳಸಿ. ಕೆಳಗೆ ಹಾವು, ಚೇಳು ಇರಬಹುದು.

ಲಕ್ಷಣ: ಮಳೆ ನಿಂತು ಗಂಟೆ ಕಳೆದರೂ ಡ್ರೈವ್‌ವೇ ಮೇಲೆ ನೀರು

ಮೊದಲು ಚರಂಡಿಯ ಬಾಯಿಗೆ ಹಾಕಿದ ಜಾಲರಿ ನೋಡಿ. ಎಲೆ, ಪ್ಲಾಸ್ಟಿಕ್ ಕವರ್, ಹಾಲಿನ ಪ್ಯಾಕೆಟ್ ಮುಚ್ಚಿಕೊಂಡಿದ್ದರೆ ಪೊರಕೆಯಿಂದ ಸರಿಸಿ. ನೀರು ಗುಳುಗುಳು ಅಂತ ಇಳಿದರೆ ಸಮಸ್ಯೆ ಅಲ್ಲೇ ಮುಗಿಯಿತು. ಮಳೆಮರ, ಹೊಂಗೆ ಇರುವ ಕಡೆ ಎಲೆ ಉದುರುವ ಕಾಲದಲ್ಲಿ ಪ್ರತಿದಿನ ಗುಡಿಸಿದರೂ ಸಾಲದು. ಗುಡಿಸುವವರು ಕಸವನ್ನು ಜಾಲರಿಯೊಳಗೇ ತಳ್ಳುತ್ತಿದ್ದಾರಾ ಅಂತಲೂ ಒಮ್ಮೆ ಗಮನಿಸಿ. ಎಷ್ಟೋ ಕಡೆ ಅದೇ ಮೂಲ ಕಾರಣ.

ಜಾಲರಿ ಚೊಕ್ಕವಾಗಿದ್ದೂ ನೀರು ಇಳಿಯದಿದ್ದರೆ ಪಕ್ಕದ ಚೇಂಬರಿನ ಮುಚ್ಚಳ ತೆಗೆಸಿ. ಇಲ್ಲಿ ಎರಡು ಸಾಧ್ಯತೆ. ಚೇಂಬರಿನಲ್ಲಿ ನೀರೇ ಇಲ್ಲ, ಅಥವಾ ಸ್ವಲ್ಪವೇ ಇದೆ ಅಂದರೆ ಜಾಲರಿಗೂ ಚೇಂಬರಿಗೂ ನಡುವೆ ಕಟ್ಟಿಕೊಂಡಿದೆ. ಚೇಂಬರ್ ಕಂಠಮಟ್ಟ ತುಂಬಿದೆ ಅಂದರೆ ಅಡ್ಡಿ ಇನ್ನೂ ಮುಂದಿದೆ. ಅದರ ಮುಂದಿನ ಚೇಂಬರ್ ತೆಗೆಸಿ. ಹೀಗೆ ಒಂದೊಂದಾಗಿ ಹೋಗಿ. ತುಂಬಿದ ಚೇಂಬರ್ ಆದ ಮೇಲೆ ಖಾಲಿ ಚೇಂಬರ್ ಸಿಕ್ಕಿತಲ್ವಾ, ದೋಷ ಆ ಎರಡರ ಮಧ್ಯೆ ಇದೆ. ಪ್ಲಂಬರ್ ಬಂದು ಮಾಡುವುದೂ ಇದನ್ನೇ.

ಆಮೇಲೆ ಆ ಪೈಪಿನೊಳಗೆ ಉದ್ದನೆಯ ರಾಡ್ ಹಾಕಿಸಿ. ರಾಡ್ ಮೆತ್ತಗೆ ಹೋಗಿ ನಿಂತರೆ ಹೂಳು. ಎಳೆದಾಗ ನಾರು ನಾರಾಗಿ ಬಂದರೆ ಮರದ ಬೇರು. ಟಣ್ ಅಂತ ಗಟ್ಟಿಯಾಗಿ ತಾಗಿದರೆ ಅದು ಬಹುಶಃ ಸಿಮೆಂಟು. ಯಾರದೋ ಫ್ಲಾಟಿನಲ್ಲಿ ಟೈಲ್ಸ್ ಕೆಲಸ ನಡೆದಾಗ ಸಿಮೆಂಟ್ ನೀರನ್ನು ಹತ್ತಿರದ ಚರಂಡಿಗೆ ಚೆಲ್ಲಿರುತ್ತಾರೆ. ಅದು ಪೈಪಿನ ತಳದಲ್ಲಿ ಕಲ್ಲಾಗಿ ಕೂರುತ್ತದೆ. ಹೂಳು, ಬೇರಿಗೆ ನೀರಿನ ಒತ್ತಡದಿಂದ ತೊಳೆಯುವ ಜೆಟ್ಟಿಂಗ್ ಗಾಡಿ ಸಾಕು. ಸಿಮೆಂಟಿಗೆ ಅದು ಸಾಲದು, ಆ ತುಂಡು ಪೈಪನ್ನೇ ಬದಲಿಸಬೇಕಾಗಬಹುದು. ಒಳಾಂಗಣ ಕೆಲಸಕ್ಕೆ ಅನುಮತಿ ಕೊಡುವಾಗಲೇ ‘ಸಿಮೆಂಟ್ ನೀರು ಚರಂಡಿಗೆ ಬಿಡುವಂತಿಲ್ಲ’ ಅಂತ ಬರೆಸಿಕೊಂಡು ಠೇವಣಿ ಇಟ್ಟುಕೊಳ್ಳುವುದು ಒಳ್ಳೆಯದು. ಜಗಳ ಆಗುತ್ತದೆ, ಆಗಲಿ.

ಎಲ್ಲ ಶುಚಿ ಇದ್ದೂ ಒಂದೇ ಜಾಗದಲ್ಲಿ ತಟ್ಟೆಯಗಲ ನೀರು ನಿಲ್ಲುತ್ತದೆಯೇ? ಅದು ನೆಲದ ವಾಟ. ಲೆವೆಲ್ ಪೈಪ್ ಹಿಡಿದು ನೋಡಿ. ಒಂದು ಮೀಟರಿಗೆ ಒಂದು ಸೆಂಟಿಮೀಟರಿನಷ್ಟು ಇಳಿಜಾರು ಇದ್ದರೆ ನೀರು ತಾನಾಗಿಯೇ ಓಡುತ್ತದೆ. ಕಟ್ಟುವಾಗ ವಾಟ ಸರಿಯಿದ್ದು ಆಮೇಲೆ ಕೆಟ್ಟಿದ್ದರೆ ಸುಮ್ಮನಿರಬೇಡಿ. ನೆಲ ಕುಸಿಯುತ್ತಿದೆ ಅಂತ ಅರ್ಥ. ಮುಂದೆ ಆ ಭಾಗ ಇದೆ.

ನೀರು ಇಂಗಲಿ ಅಂತ ಸಂದು ಬಿಟ್ಟು ಹಾಸಿದ ಪೇವರ್‌ಗಳಾದರೆ ಸಂದಿಯ ಮಣ್ಣು ನೋಡಿ. ಹುಲ್ಲು, ಪಾಚಿ ಬೆಳೆದಿದ್ದರೆ ಸಂದು ಕಟ್ಟಿದೆ. ಕೆರೆದು ತೆಗೆದು ಸಣ್ಣ ಜಲ್ಲಿ ತುಂಬಿಸಿ. ರಿಪೇರಿ ಮಾಡಿದ ಮೇಸ್ತ್ರಿ ಸಂದಿಗೆ ಸಿಮೆಂಟ್ ಮೆತ್ತಿದ್ದರೆ ಆ ಪೇವರ್ ಇನ್ನು ಬರೀ ನೆಲಹಾಸು.

ಲಕ್ಷಣ: ಇಂಗು ಬಾವಿ ತುಂಬಿ ಮೇಲೆ ಹರಿಯುತ್ತಿದೆ

ಇದಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ದುಡ್ಡು ಜಾಸ್ತಿ ಪೋಲಾಗುವುದು ಇಲ್ಲೇ.

ಮೊದಲ ಪ್ರಶ್ನೆ: ಇದು ದೋಷವೇ ಹೌದಾ? ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಬಾವಿಗೆ ಹಿಡಿಯುವುದು ಸುಮಾರು 4,000 ಲೀಟರ್. ನಾಲ್ಕು ಅಡಿ ಅಗಲವಾದರೆ 7,000 ಲೀಟರ್ ಚಿಲ್ಲರೆ. ಅರವತ್ತು-ನಲವತ್ತರ ನಿವೇಶನ ಅಂದರೆ 223 ಚದರ ಮೀಟರ್. ಅದರ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,500 ಲೀಟರ್. ಅಂದರೆ ಒಂದು ಸಾಧಾರಣ ಮಳೆಗೇ ಸಣ್ಣ ಬಾವಿ ತುಂಬುತ್ತದೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಬಿತ್ತು. ಅದೇ ನಿವೇಶನದ ಲೆಕ್ಕದಲ್ಲಿ 24,000 ಲೀಟರಿಗೂ ಮೇಲೆ. ಅಂಥ ದಿನ ಬಾವಿ ಉಕ್ಕಿದರೆ ಬಾವಿಯ ತಪ್ಪೇನೂ ಇಲ್ಲ. ಉಕ್ಕಿದ ನೀರು ಚರಂಡಿಗೆ ಹೋಗುವ ಹೊರದಾರಿ ಇದೆಯಾ ಅನ್ನುವುದಷ್ಟೇ ಆ ದಿನದ ಪ್ರಶ್ನೆ.

ಸಣ್ಣ ಮಳೆಗೂ ಉಕ್ಕುತ್ತದೆ, ಮೊದಲು ಹೀಗಿರಲಿಲ್ಲ ಅಂದರೆ ಮುಂದೆ ನೋಡೋಣ.

ಬಾವಿಗೆ ನೀರು ಬರುವ ಮುಂಚೆ ಒಂದು ಹೂಳು ಗುಂಡಿ ಇರಬೇಕು. ಸಣ್ಣ ಚೇಂಬರ್. ಪೈಪು ಅದರ ತಳಕ್ಕಿಂತ ಮೇಲೆ ಇರುತ್ತದೆ, ಮಣ್ಣು ಕೆಳಗೆ ಕೂತು ನೀರು ಮಾತ್ರ ಮುಂದೆ ಹೋಗಲಿ ಅಂತ. ಅದರ ಮುಚ್ಚಳ ತೆಗೆದು ಕೋಲು ಇಳಿಸಿ. ಕೆಸರು ಪೈಪಿನ ಮಟ್ಟಕ್ಕೆ ಬಂದಿದ್ದರೆ ಗುಂಡಿ ಇದ್ದೂ ಇಲ್ಲದ ಹಾಗೆ. ಮಣ್ಣೆಲ್ಲ ನೇರ ಬಾವಿಗೆ ಹೋಗುತ್ತಿದೆ. ಅರ್ಧ ತುಂಬುವ ಮೊದಲೇ ತೆಗೆಸಬೇಕಿತ್ತು. ಗುಂಡಿಯೇ ಇಲ್ಲದಿದ್ದರೆ ಬೇರೇನೂ ಹುಡುಕುವ ಅಗತ್ಯ ಇಲ್ಲ. ಮೊದಲು ಅದನ್ನು ಕಟ್ಟಿಸಿ.

ಆಮೇಲೆ ಆಳ ಅಳೆಯಿರಿ. ಹಗ್ಗಕ್ಕೆ ಒಂದು ತೂಕದ ಗುಂಡು ಕಟ್ಟಿ ಮೇಲಿನಿಂದಲೇ ಇಳಿಸಿ. ಇಪ್ಪತ್ತು ಅಡಿ ಅಂತ ಬಿಲ್ಲಿನಲ್ಲಿದೆ, ಹದಿನಾರಕ್ಕೇ ಗುಂಡು ಮೆತ್ತಗೆ ಕೂತಿತು ಅಂದರೆ ನಾಲ್ಕು ಅಡಿ ಹೂಳು. ಗುಂಡು ಗಟ್ಟಿ ನೆಲಕ್ಕೆ ಬಡಿದ ಹಾಗೆ ನಿಂತು ಆಳ ಕಮ್ಮಿ ಇದ್ದರೆ, ಬಾವಿಯನ್ನೇ ಅಷ್ಟು ತೋಡಿಲ್ಲದಿರಬಹುದು. ಅದು ಹಳೆಯ ಲೆಕ್ಕ, ಕಂಟ್ರಾಕ್ಟರ್ ಜೊತೆ ಬಗೆಹರಿಸಿಕೊಳ್ಳಬೇಕಾದದ್ದು.

ಇನ್ನು ಇಂಗುವ ವೇಗ. ಬಾವಿ ತುಂಬಿದ ಮಳೆ ನಿಂತ ಮೇಲೆ, ಒಳಗೆ ನೀರು ಬರುವುದೂ ನಿಂತ ಮೇಲೆ, ನೀರಿನ ಮಟ್ಟಕ್ಕೆ ಹಗ್ಗದಲ್ಲಿ ಒಂದು ಗಂಟು ಹಾಕಿ. ಗಂಟೆಗೊಮ್ಮೆ ಅಳೆಯಿರಿ, ಬರೆದಿಡಿ. ಇಷ್ಟೇ ಇಳಿಯಬೇಕು ಅಂತ ಎಲ್ಲ ಕಡೆಗೂ ಒಂದೇ ಲೆಕ್ಕ ಇಲ್ಲ. ಕೆಮ್ಮಣ್ಣಿನಲ್ಲಿ ಒಂದು, ಜೇಡಿಯಲ್ಲಿ ಇನ್ನೊಂದು. ನಿಮ್ಮ ಬಾವಿಯ ಹೋದ ವರ್ಷದ ಅಳತೆಯೇ ನಿಮಗೆ ಅಳತೆಗೋಲು. ಅದಕ್ಕೇ ಬಾವಿ ಹೊಸದಾಗಿದ್ದಾಗಲೇ ಒಂದು ಸಲ ಅಳೆದಿಟ್ಟುಕೊಂಡರೆ ಆಮೇಲೆ ತಲೆನೋವಿಲ್ಲ.

ನೀರು ಇಳಿಯುತ್ತಲೇ ಇಲ್ಲವೆ? ಈಗ ಕಷ್ಟದ ಪ್ರಶ್ನೆ. ಹೂಳಿನಿಂದ ಕಟ್ಟಿದೆಯಾ, ಇಲ್ಲಾ ಅಂತರ್ಜಲವೇ ಮೇಲೆ ಬಂದಿದೆಯಾ? ಮಾರ್ಚ್ ತಿಂಗಳಲ್ಲಿ ನೋಡಿ. ಮಳೆಯಿಲ್ಲದೆ ವಾರಗಟ್ಟಲೆ ಆಗಿರುತ್ತದೆ. ಬಾವಿ ಒಣಗಿದ್ದು, ಮಳೆಗಾಲದಲ್ಲಿ ಮಾತ್ರ ನೀರು ನಿಂತರೆ, ಮತ್ತು ತಳದಲ್ಲಿ ಬಿರುಕು ಬಿಟ್ಟ ಕೆಸರಿದ್ದರೆ, ಹೂಳು. ಬೇಸಿಗೆಯಲ್ಲೂ ತಿಳಿನೀರು ಒಂದೇ ಮಟ್ಟದಲ್ಲಿದ್ದು, ಅಕ್ಕಪಕ್ಕದ ತೆರೆದ ಬಾವಿಯ ಮಟ್ಟವೂ ಅಷ್ಟೇ ಇದ್ದರೆ ಅದು ಅಂತರ್ಜಲ. ಕೆರೆಯ ಪಕ್ಕದ, ತಗ್ಗಿನ ಬಡಾವಣೆಗಳಲ್ಲಿ ಹೀಗಾಗುತ್ತದೆ. ಅಂಥ ಜಾಗದಲ್ಲಿ ಹತ್ತು ಬಾವಿ ತೋಡಿದರೂ ಸೆಪ್ಟೆಂಬರಿನಲ್ಲಿ ಒಂದು ಹನಿ ಇಂಗುವುದಿಲ್ಲ. ಆ ಬಾವಿಯಿಂದ ನೀರು ಎತ್ತಿ ಗಿಡಕ್ಕೆ, ಕಾರು ತೊಳೆಯಲು ಬಳಸಿ. ಮುಂದಿನ ಮಳೆಗೆ ಜಾಗವೂ ಆಗುತ್ತದೆ. ಮಟ್ಟ ಅಕ್ಕಪಕ್ಕಕ್ಕೆ ಹೊಂದದೆ, ನೀರು ಕಪ್ಪಾಗಿ ವಾಸನೆ ಇದ್ದರೆ ಕೊಳಚೆ ಸೇರುತ್ತಿದೆ. ಮುಂದಿನ ಭಾಗ ನೋಡಿ.

ಹೂಳು ತೆಗೆಸುವಾಗ ಮೇಲಿನಿಂದ ಹೀರುವ ಗಾಡಿ ಮೊದಲ ಆಯ್ಕೆ. ಮಣ್ಣು ಗಟ್ಟಿಯಾಗಿ ಮನುಷ್ಯರೇ ಇಳಿಯಬೇಕಾದ ಹಂತ ಬಂದರೆ ನಿಮ್ಮ ಸೆಕ್ಯುರಿಟಿಯನ್ನೋ ಮಾಲಿಯನ್ನೋ ಇಳಿಸಬೇಡಿ. ತಲೆಮಾರುಗಳಿಂದ ಬಾವಿ ತೋಡುವ ಮಣ್ಣು ವಡ್ಡರು ಬೆಂಗಳೂರಿನ ಸುತ್ತ ಇದ್ದಾರೆ. ಬಾವಿಯ ಗೋಡೆಗೆ ಸಿಮೆಂಟಿನ ರಿಂಗು ಇಳಿಸುವುದು, ಹೂಳೆತ್ತುವುದು ಅವರಿಗೆ ಕೈವಶ. ಅವರಾದರೂ ಅನಿಲ ಅಳೆಯುವ ಯಂತ್ರ, ಗಾಳಿ ಊದುವ ಬ್ಲೋವರ್, ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು ಇಲ್ಲದೆ ಇಳಿಯುವಂತಿಲ್ಲ. ಅದರ ಖರ್ಚು ಸಂಘದ್ದು. ಕೊಳಚೆ ಸೇರಿದ ಬಾವಿಗಂತೂ ಯಾರೂ ಇಳಿಯಬಾರದು. ರಿಂಗು ವಾಲಿದ್ದರೆ, ರಿಂಗುಗಳ ಸಂದಿಯಿಂದ ಮಣ್ಣು ಉದುರುತ್ತಿದ್ದರೆ ಕೆಲಸ ನಿಲ್ಲಿಸಿ ಇಂಜಿನಿಯರನ್ನು ಕರೆಸಿ.

ಎತ್ತಿದ ಹೂಳನ್ನು ಅಲ್ಲೇ ಪಕ್ಕದಲ್ಲಿ ರಾಶಿ ಹಾಕಿ ಬಿಡಬೇಡಿ. ಮುಂದಿನ ಮಳೆಗೆ ಅದೇ ಮಣ್ಣು ಅದೇ ಜಾಲರಿಯಿಂದ ವಾಪಸ್ ಬರುತ್ತದೆ. ಕೇಳಿದರೆ ನಗು ಬರುತ್ತದೆ, ಆದರೆ ಎಲ್ಲ ಕಡೆ ನಡೆಯುವುದು ಇದೇ.

ಬಾವಿಗೆ ಆಸಿಡ್, ಫಿನಾಯಿಲ್ ಸುರಿದರೆ ಕಟ್ಟಿದ್ದು ಬಿಡುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಹೋಗುವುದು ಯಾರದೋ ಬೋರ್‌ವೆಲ್ಲಿಗೆ.

ಹೂಳು ತೆಗೆಸಿದ ಮೇಲೆ ಅದರ ಮೂಲ ಹುಡುಕಿ. ಕೆಂಪು ಮಣ್ಣಾದರೆ ಹುಲ್ಲು ಹೋದ ಪಾರ್ಕು, ಹೂದೋಟದ ಅಂಚು. ಬೂದು ಬಣ್ಣದ ನುಣ್ಣನೆಯ ಪುಡಿಯಾದರೆ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು ಎಂ-ಸ್ಯಾಂಡ್, ಅಂದರೆ ಪಕ್ಕದಲ್ಲೋ ಒಳಗೋ ಕಟ್ಟಡದ ಕೆಲಸ. ಕಪ್ಪು ಗೊಬ್ಬರದಂತಿದ್ದರೆ ಕೊಳೆತ ಎಲೆ. ಮೊದಲನೆಯದಕ್ಕೆ ಹುಲ್ಲು ಹಾಕಿಸಿ, ಎರಡನೆಯದಕ್ಕೆ ಮರಳಿನ ರಾಶಿ ಮುಚ್ಚಿಸಿ ಸುತ್ತ ಮೂಟೆ ಇಡಿಸಿ, ಮೂರನೆಯದಕ್ಕೆ ಟೆರೇಸಿನ ಪೈಪಿನ ಬಾಯಿಗೆ ಜಾಲರಿ ಹಾಕಿಸಿ.

ಲಕ್ಷಣ: ಬಿಸಿಲುಗಾಲದಲ್ಲೂ ಮಳೆನೀರು ಚರಂಡಿಯಲ್ಲಿ ನೀರು ಹರಿಯುತ್ತದೆ

ಮಳೆಯಿಲ್ಲ, ಚರಂಡಿ ಒದ್ದೆ. ಹಾಗಾದರೆ ನೀರು ಬೇರೆಲ್ಲಿಂದಲೋ ಬರುತ್ತಿದೆ. ಎಲ್ಲಿಂದ ಅಂತ ಹೇಳುವುದು ಗಡಿಯಾರ.

ಬೆಳಿಗ್ಗೆ ಸ್ನಾನದ ಹೊತ್ತಿಗೆ, ಮತ್ತೆ ಪಾತ್ರೆ ತೊಳೆಯುವ ಹೊತ್ತಿಗೆ ಹರಿವು ಏರಿದರೆ ಯಾವುದೋ ಬಚ್ಚಲು, ಬಾಲ್ಕನಿಯ ವಾಷಿಂಗ್ ಮೆಷಿನ್ ಪೈಪು ಮಳೆನೀರಿನ ಪೈಪಿಗೆ ಸೇರಿದೆ. ನೊರೆಯೂ ಕಾಣುತ್ತದೆ. ಬಾಲ್ಕನಿಯಲ್ಲಿ ಮೆಷಿನ್ ಇಟ್ಟುಕೊಂಡವರು ಹತ್ತಿರದ ಪೈಪಿಗೆ ಜೋಡಿಸಿಬಿಡುತ್ತಾರೆ, ಅದು ಯಾವ ಪೈಪು ಅಂತ ನೋಡುವುದಿಲ್ಲ. ಪಂಪು ಹಾಕಿದ ಹೊತ್ತಿಗೆ ಮಾತ್ರ ಹರಿದರೆ ಓವರ್‌ಹೆಡ್ ಟ್ಯಾಂಕ್ ತುಂಬಿ ಸುರಿಯುತ್ತಿದೆ. ಫ್ಲೋಟ್ ವಾಲ್ವ್ ನೋಡಿ. ಹಗಲೂ ರಾತ್ರಿ ಒಂದೇ ಸಮ ಹರಿದರೆ ಎಲ್ಲೋ ಪೈಪ್ ಒಡೆದಿದೆ, ಅಥವಾ ಎಸ್‌ಟಿಪಿಯ (ಕೊಳಚೆ ನೀರು ಶುದ್ಧ ಮಾಡುವ ಘಟಕದ) ನೀರು ಈ ಕಡೆ ಬರುತ್ತಿದೆ.

ಒಡೆದದ್ದು ಜಲಮಂಡಳಿಯ ಕಾವೇರಿ ನೀರಿನ ಪೈಪೇ ಅಂತ ತಿಳಿಯಲು ಸುಲಭ ಪರೀಕ್ಷೆ ಇದೆ. ಈಜುಕೊಳದವರು ಬಳಸುವ ಕ್ಲೋರಿನ್ ಕಿಟ್ ತನ್ನಿ. ಚರಂಡಿಯ ನೀರಿಗೆ ಹನಿ ಹಾಕಿದಾಗ ಹಳದಿ ಬಂದರೆ ಕ್ಲೋರಿನ್ ಹಾಕಿದ ನೀರು. ಬಣ್ಣ ಬರದಿದ್ದರೆ ಕಾವೇರಿ ನೀರು ಅಲ್ಲ ಅಂತ ಖಚಿತವಾಗಿ ಹೇಳಲಾಗದು. ಕೆಸರಿನ ಜೊತೆ ಸೇರಿ ಕ್ಲೋರಿನ್ ಖರ್ಚಾಗಿರಬಹುದು. ಗೇಟಿನ ಹೊರಗಿನ ಮುಖ್ಯ ಪೈಪಿನ ಸೋರಿಕೆಯಾದರೆ ಜಲಮಂಡಳಿಯ 1916ಕ್ಕೆ ತಿಳಿಸಿ.

ಯಾವ ಫ್ಲಾಟಿನ ಪೈಪು ಅಂತ ಹುಡುಕುವುದಕ್ಕೆ ಬಣ್ಣದ ಪರೀಕ್ಷೆ. ತಿಂಡಿಗೆ ಹಾಕುವ ಬಣ್ಣವನ್ನು ನೀರಿನಲ್ಲಿ ಕಲಸಿ ಒಂದು ಬಚ್ಚಲಿಗೆ ಸುರಿಯಿರಿ, ಮೇಲೆ ಎರಡು ಬಕೆಟ್ ನೀರು ಬಿಡಿ. ಕೆಳಗೆ ಒಬ್ಬರು ಚೇಂಬರ್ ಹತ್ತಿರ ನಿಂತಿರಲಿ. ಒಂದು ಫ್ಲಾಟಿನ ಬಣ್ಣ ಪೂರ್ತಿ ತೊಳೆದು ಹೋಗುವ ತನಕ ಮುಂದಿನದಕ್ಕೆ ಹೋಗಬೇಡಿ, ಇಲ್ಲದಿದ್ದರೆ ಯಾರ ಬಣ್ಣ ಯಾರದು ಅಂತ ತಿಳಿಯದು. ಮೇಲಿನ ಮಹಡಿಯ ಆಂಟಿಗೆ ಮುಂಚೆಯೇ ಹೇಳಿಡಿ. ನಾವೇ ತಪ್ಪು ಮಾಡಿದ್ದೀವಿ ಅಂತ ಎಲ್ಲರ ಮುಂದೆ ತೋರಿಸುತ್ತಿದ್ದಾರೆ ಅನ್ನಿಸಬಾರದು.

ಶೌಚದ ನೀರು ಸೇರಿದ್ದು ಖಚಿತವಾದರೆ ಇಂಗು ಬಾವಿಗೆ ಹೋಗುವ ದಾರಿಯನ್ನು ಆ ದಿನವೇ ಮುಚ್ಚಿಸಿ. ಪೈಪ್ ಬಿಡಿಸುವ ತನಕ ನೀರು ನೆಲದೊಳಗೆ ಹೋಗಬಾರದು. ಹತ್ತಿರದಲ್ಲಿ ಬೋರ್‌ವೆಲ್ ಇದ್ದರೆ ಅದರ ನೀರನ್ನು ಲ್ಯಾಬಿನಲ್ಲಿ ಕೋಲಿಫಾರ್ಮ್ (ಕೊಳಚೆ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ. ಫಲಿತಾಂಶ ಬರುವ ತನಕ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ.

ಲಕ್ಷಣ: ಪೇವರ್ ಇಳಿಯುತ್ತಿದೆ, ಗೋಡೆಯ ಬುಡದಲ್ಲಿ ಗುಂಡಿ

ಇದನ್ನು ಸೌಂದರ್ಯದ ಸಮಸ್ಯೆ ಅಂದುಕೊಂಡು ಮಣ್ಣು ತುಂಬಿಸಿ ಪೇವರ್ ಮತ್ತೆ ಕೂರಿಸುತ್ತಾರೆ. ಮುಂದಿನ ಮಳೆಗೆ ಮತ್ತೆ ಇಳಿಯುತ್ತದೆ. ಮಣ್ಣು ಎಲ್ಲಿಗೋ ಹೋಗುತ್ತಿದೆ, ಅಲ್ವಾ?

ಇಳಿದ ಜಾಗದ ಕೆಳಗಡೆಯ ಚೇಂಬರ್ ತೆರೆದು ನೋಡಿ. ಎಲೆ ಕಸವಿಲ್ಲದ ಹಸಿ ಕೆಂಪು ಮಣ್ಣು ಕೂತಿದ್ದರೆ ಪೈಪಿನ ಕೀಲು ಬಿಟ್ಟಿದೆ, ಸುತ್ತಲ ಮಣ್ಣು ಒಳಗೆ ಸೋರುತ್ತಿದೆ. ಕೆಲವೊಮ್ಮೆ ಹೆಗ್ಗಣದ ಕೆಲಸ. ಬಿಲದ ಬಾಯಿ, ಹೊಸದಾಗಿ ಎತ್ತಿದ ಮಣ್ಣು ಕಾಣುತ್ತದೆ. ಆ ಬಿಲದೊಳಗೆ ಮಳೆನೀರು ನುಗ್ಗಿ ದಾರಿ ದೊಡ್ಡದಾಗುತ್ತದೆ. ಕಬ್ಬಿಣದ ಸಲಾಕೆಯಿಂದ ಸುತ್ತ ತಟ್ಟಿ, ಆದರೆ ಗಟ್ಟಿ ನೆಲದ ಮೇಲೆ ನಿಂತು ತಟ್ಟಿ. ಪೊಳ್ಳು ಶಬ್ದ ಬಂದ ಜಾಗ ಕಣ್ಣಿಗೆ ಕಾಣುವ ಗುಂಡಿಗಿಂತ ದೊಡ್ಡದಿದ್ದರೆ ಅಲ್ಲಿಗೆ ನಿಲ್ಲಿಸಿ. ಸುತ್ತ ಅಡ್ಡ ಕಟ್ಟಿ. ನೀರಿನ ಟ್ಯಾಂಕರ್, ಕಸದ ಲಾರಿ ಆ ಕಡೆ ಬರದಂತೆ ಗೇಟಿನಲ್ಲೇ ಹೇಳಿ.

ತಕ್ಷಣ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಬೇಕಾದ ಸಂದರ್ಭಗಳೂ ಇವೆ. ಕಾಂಪೌಂಡ್ ಗೋಡೆ ಉಬ್ಬಿದ್ದರೆ ಅಥವಾ ವಾಲಿದ್ದರೆ. ಮಣ್ಣು ತಡೆಯುವ ಗೋಡೆಯ ತೂತುಗಳಿಂದ ತಿಳಿನೀರಿನ ಬದಲು ಕೆಸರು ನೀರು ಬರುತ್ತಿದ್ದರೆ. ಜೋರು ಮಳೆಯಲ್ಲೂ ಆ ತೂತುಗಳು ಒಣಗಿದ್ದು ಗೋಡೆ ಮಾತ್ರ ತೇವವಾಗಿದ್ದರೆ. ಕೊನೆಯದು ನೋಡಲು ಏನೂ ಆಗಿಲ್ಲ ಅನ್ನಿಸುತ್ತದೆ, ಆದರೆ ಗೋಡೆಯ ಹಿಂದೆ ನೀರು ನಿಂತು ಒತ್ತುತ್ತಿದೆ. ಮಳೆ ಬರುವಾಗ ಅಂಥ ಗೋಡೆಯ ಪಕ್ಕ ಕಾರು ನಿಲ್ಲಿಸಲು, ಕೂಲಿಯವರ ಶೆಡ್ ಹಾಕಲು ಬಿಡಬೇಡಿ.

ಲಕ್ಷಣ: ಬೇಸ್‌ಮೆಂಟಿಗೆ ನೀರು

ನೀರಿಗೆ ಕಾಲಿಡುವ ಮುಂಚೆ ಬೇಸ್‌ಮೆಂಟಿನ ವಿದ್ಯುತ್ ಮೇಲಿನಿಂದ ಆಫ್ ಮಾಡಿಸಿ. ಪ್ಯಾನಲ್ ಬೋರ್ಡ್, ಇವಿ ಚಾರ್ಜರ್ ಎಲ್ಲ ಕೆಳಗೇ ಇರುತ್ತವೆ. ಪ್ಯಾನಲ್ಲೇ ನೀರಿನಲ್ಲಿದ್ದರೆ ಮುಟ್ಟಬೇಡಿ, ವಿದ್ಯುತ್ ಕಂಪನಿ ಬೆಸ್ಕಾಂನ 1912ಕ್ಕೆ ಕರೆ ಮಾಡಿ. ಕಾರು ತೆಗೆಯಲು ಓಡಬೇಡಿ. ಲಿಫ್ಟನ್ನು ಮೇಲಿನ ಮಹಡಿಯಲ್ಲಿ ನಿಲ್ಲಿಸಿ.

ನೀರು ಎಲ್ಲಿಂದ ಬಂತು? ರ‍್ಯಾಂಪಿನಿಂದ ಇಳಿದಿದ್ದರೆ ರ‍್ಯಾಂಪಿನ ತಲೆಯ ಉಬ್ಬು, ಅಡ್ಡ ಚರಂಡಿ ನೋಡಿ. ರಸ್ತೆಗೆ ಪದರದ ಮೇಲೆ ಪದರ ಡಾಂಬರು ಹಾಕಿ ರಸ್ತೆ ಎತ್ತರವಾಗಿ, ನಿಮ್ಮ ಉಬ್ಬು ಈಗ ತಗ್ಗಾಗಿರಬಹುದು. ಕಟ್ಟುವಾಗ ಸರಿಯಿದ್ದದ್ದು ಆಮೇಲೆ ಕೆಡುವುದಕ್ಕೆ ಇದಕ್ಕಿಂತ ಸಾಮಾನ್ಯ ಕಾರಣ ಇಲ್ಲ. ಗೋಡೆಯಿಂದ ಜಿನುಗಿದ್ದರೆ ಅದು ಹೊರಗಿನ ತೇವ. ಬೇಸ್‌ಮೆಂಟಿನ ನೀರು ಸೇರುವ ಸಂಪಿನಿಂದಲೇ ಉಕ್ಕಿದ್ದರೆ ದೋಷ ಪಂಪಿನದು.

ಪಂಪಿನ ಪರೀಕ್ಷೆಯನ್ನು ಏಪ್ರಿಲಿನಲ್ಲೇ ಮಾಡಿ. ನೀರಿನ ಮಟ್ಟ ಏರಿದಾಗ ತೇಲಿ ಪಂಪು ಹಾಕುವ ಫ್ಲೋಟ್ ಸ್ವಿಚ್ಚನ್ನು ಒಣ ಕೋಲಿನಿಂದ ಎತ್ತಿ. ಪಂಪು ಶುರುವಾಗಬೇಕು. ಆಗದಿದ್ದರೆ ಎಂಸಿಬಿ ನೋಡಿ. ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಸ್ವಿಚ್ ಟ್ರಿಪ್ ಆಗಿದ್ದರೆ ಒಂದು ಸಲ ಎತ್ತಿ ನೋಡಬಹುದು. ಮತ್ತೆ ಬಿದ್ದರೆ ಬಿಟ್ಟುಬಿಡಿ. ಎಲ್ಲೋ ಕರೆಂಟ್ ಸೋರುತ್ತಿದೆ, ಎಲೆಕ್ಟ್ರಿಷಿಯನ್ ಬರಲಿ. ಗುಂಯ್ ಅಂದು ನೀರು ಎತ್ತದಿದ್ದರೆ ಒಳಗೆ ಬಟ್ಟೆ, ಕವರ್ ಸಿಕ್ಕಿಕೊಂಡಿದೆ. ಕರೆಂಟ್ ಆಫ್ ಮಾಡಿ, ಪ್ಲಗ್ ಕಿತ್ತು, ಮೇಲೆತ್ತಿ ಬಿಡಿಸಿ. ನಿಮಿಷಕ್ಕೊಮ್ಮೆ ಆನ್-ಆಫ್ ಆಗುತ್ತಿದ್ದರೆ ಎತ್ತಿದ ನೀರೇ ವಾಪಸ್ ಬರುತ್ತಿದೆ, ನಾನ್-ರಿಟರ್ನ್ ವಾಲ್ವ್ ಹೋಗಿದೆ.

ಇಷ್ಟೆಲ್ಲ ಸರಿಯಿದ್ದೂ ಮುಳುಗಿದ ಬೇಸ್‌ಮೆಂಟುಗಳಿವೆ. ಜೋರು ಮಳೆಯ ರಾತ್ರಿ ಕರೆಂಟ್ ಹೋಗುತ್ತದೆ. ಪಂಪು ಜನರೇಟರ್ ಲೈನಿಗೆ ಇರುವುದಿಲ್ಲ. ಕಾರಿಡಾರಿನ ದೀಪ ಉರಿಯುತ್ತದೆ, ಪಂಪು ಮಲಗಿರುತ್ತದೆ. ಮೇನ್ ಆಫ್ ಮಾಡಿ, ಜನರೇಟರ್ ಹಾಕಿ, ಪಂಪು ಓಡುತ್ತದಾ ಅಂತ ನೋಡಿಯೇ ನೋಡಿ.

ಲಕ್ಷಣ: ಸೊಳ್ಳೆ

ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವ ತನಕ ವಾರದಿಂದ ಹತ್ತು ದಿನ ತೆಗೆದುಕೊಳ್ಳುತ್ತದೆ. ಚೇಂಬರ್, ಹೂಳು ಗುಂಡಿಯಲ್ಲಿ ವಾರದ ತನಕ ನೀರು ನಿಲ್ಲಬಾರದು. ಟಾರ್ಚ್ ಬಿಟ್ಟು ನೋಡಿ, ಹುಳು ಕುಣಿಯುತ್ತಿದ್ದರೆ ನೀರು ತೆಗೆಸಿ. ತೆಗೆಸಲಾಗದ ಕಡೆ ಮುಚ್ಚಳದ ಸಂದಿಗೆ ಸಣ್ಣ ಬಲೆ. ಫಾಗಿಂಗ್ ಹೊಗೆ ಹಾರುವ ಸೊಳ್ಳೆಗೆ, ಮರಿಗಳಿಗಲ್ಲ.

ಲಕ್ಷಣ: ಒಳಗೆಲ್ಲ ಸರಿ, ಹೊರಗಿನಿಂದ ನೀರು ಉಲ್ಟಾ ಬರುತ್ತದೆ

ಮಳೆ ಬರುವಾಗ ಗೇಟಿನ ಹತ್ತಿರದ ಕೊನೆಯ ಚೇಂಬರ್ ನೋಡಿ. ನೀರು ಹೊರಗೆ ಹೋಗುವ ಬದಲು ಒಳಗೆ ನುಗ್ಗುತ್ತಿದ್ದರೆ ರಸ್ತೆಯ ಚರಂಡಿಯೋ, ಊರಿನ ದೊಡ್ಡ ಮಳೆನೀರು ಕಾಲುವೆಯಾದ ರಾಜಕಾಲುವೆಯೋ ತುಂಬಿದೆ. ನೀವು ಒಳಗೆ ಎಷ್ಟು ಶುಚಿ ಮಾಡಿದರೂ ಪ್ರಯೋಜನವಿಲ್ಲ. ಬೆಂಗಳೂರಿನ ನೀರು ದಿಣ್ಣೆಯಿಂದ ಕಣಿವೆಗೆ, ಕೆರೆಯಿಂದ ಕೆರೆಗೆ ಇಳಿಯುವಂಥದ್ದು. 2022ರ ಸೆಪ್ಟೆಂಬರಿನಲ್ಲಿ ಮಹದೇವಪುರ, ಬೆಳ್ಳಂದೂರು ಕಡೆ ಬಡಾವಣೆಗಳ ಒಳಗೆ ದೋಣಿ ಹೋಗುವಂತಾಗಿದ್ದು ಆ ದಾರಿಗಳು ಕಟ್ಟಿ, ಕಿರಿದಾಗಿದ್ದರಿಂದಲೂ ಹೌದು.

ಕೊನೆಯ ಪೈಪಿಗೆ ಫ್ಲಾಪ್ ವಾಲ್ವ್ (ನೀರನ್ನು ಹೊರಗೆ ಬಿಟ್ಟು ವಾಪಸ್ ಬರದಂತೆ ಮುಚ್ಚಿಕೊಳ್ಳುವ ಬಾಗಿಲು) ಇದ್ದರೆ ಅದು ಪೂರ್ತಿ ಮುಚ್ಚುತ್ತದಾ ನೋಡಿ. ಒಂದು ನೀರಿನ ಬಾಟಲಿ ಸಿಕ್ಕಿಕೊಂಡರೂ ಸಾಕು, ಬಾಯಿ ತೆರೆದೇ ಇರುತ್ತದೆ. ವಾಲ್ವ್ ಇಲ್ಲದಿದ್ದರೆ ಹಾಕಿಸುವ ಮುಂಚೆ ಒಂದು ಮಾತು: ಅದು ಮುಚ್ಚಿಕೊಂಡಾಗ ನಿಮ್ಮ ಒಳಗಿನ ಮಳೆನೀರಿಗೂ ಹೊರದಾರಿ ಇಲ್ಲ. ಅಷ್ಟು ಹೊತ್ತು ಆ ನೀರು ನಿಲ್ಲಲು ಜಾಗವೋ ಎತ್ತಲು ಪಂಪೋ ಬೇಕು. ಇದು ಮೇಸ್ತ್ರಿ ಅಂದಾಜಿಗೆ ಬಿಡುವ ಕೆಲಸವಲ್ಲ, ಇಂಜಿನಿಯರಿಂದ ಲೆಕ್ಕ ಹಾಕಿಸಿ.

ಪಾಲಿಕೆಯ 1533ಕ್ಕೆ ದೂರು ಕೊಡುವಾಗ ‘ನೀರು ನಿಲ್ಲುತ್ತದೆ’ ಅಂತಷ್ಟೇ ಹೇಳಿದರೆ ನಿಮ್ಮ ಗೇಟಿನ ಮುಂದೆ ಜಾಲರಿ ಕೆರೆದು ಹೋಗುತ್ತಾರೆ. ಬಿಸಿಲಿನಲ್ಲಿ ತೆಗೆದ ಚರಂಡಿಯ ಫೋಟೋ, ಮಳೆಯಲ್ಲಿ ನೀರು ಒಳಗೆ ನುಗ್ಗುವ ವಿಡಿಯೋ, ಕೊನೆಯ ಚೇಂಬರಿನ ನೀರಿನ ಮಟ್ಟ ಮತ್ತು ಸಮಯ, ನೀವು ಬರೆದ ನಕ್ಷೆ, ಇಷ್ಟನ್ನೂ ಜೊತೆಗಿಡಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೆಳಗಿನ ಬಡಾವಣೆಯವರನ್ನೂ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ಹೂಳೆತ್ತಿಸಲು ಕೇಳುವ ಸಮಯ ಫೆಬ್ರವರಿ, ಮಾರ್ಚ್. ಮೇ ತಿಂಗಳ ಮೊದಲ ಗುಡುಗಿನ ಮೇಲೆ ಕೇಳುವವರ ಸಾಲು ಬಹಳ ಉದ್ದ ಇರುತ್ತದೆ.